ಕೋಲಾರದಿಂದ ಇಂಟರ್‌ವ್ಯೂಗೆ ಹೊರಟವರಿಗೆ: ಒಂದು ವಾರದ ತಯಾರಿ

ಇಂಟರ್‌ವ್ಯೂಗೆ ಕರೆ ಬಂದ ತಕ್ಷಣ ನಮ್ಮ ಕಡೆಯ ಹುಡುಗ ಹುಡುಗಿಯರು ಮೊದಲು ಮಾಡುವ ಕೆಲಸ ಅಂದರೆ ಯೂಟ್ಯೂಬ್ ತೆರೆದು ಇಂಗ್ಲಿಷ್ ಉತ್ತರಗಳನ್ನು ಬಾಯಿಪಾಠ ಮಾಡುವುದು. ಎದುರಿಗೆ ಕೂತವರು ಅದೇ ಉತ್ತರವನ್ನು ಆವತ್ತು ಬೆಳಗ್ಗೆಯಿಂದ ಎಷ್ಟೋ ಜನರ ಬಾಯಲ್ಲಿ ಕೇಳಿರುತ್ತಾರೆ. ನಡುವೆ ಒಂದು ಸಾಲು ಮರೆತರೆ ಮುಂದಿನದೆಲ್ಲ ಕೈಕೊಡುತ್ತದೆ.

ಕೋಲಾರದಲ್ಲಿ ಡಿಗ್ರಿ, ಐಟಿಐ ಮುಗಿಸಿದವರಿಗೆ ಇಂಟರ್‌ವ್ಯೂ ಅಭ್ಯಾಸ ಮಾಡಿಸುತ್ತಾ ಬಂದಿದ್ದೇನೆ. ಇವರಿಗೆ ಗೊತ್ತಿರುವುದು ಕಡಿಮೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ತಾವು ಮಾಡಿದ ಕೆಲಸವನ್ನು ಕೆಲಸ ಅಂತಲೇ ಇವರು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೊರತೆ ಇರುವುದು ಅಲ್ಲಿ. ಟೊಮೆಟೊ ಮಂಡಿಯಲ್ಲಿ ಮಾವನ ಜೊತೆ ಎರಡು ಸೀಸನ್ ಲೆಕ್ಕ ಬರೆದ ಬಿ.ಕಾಂ ಹುಡುಗ 'ಅನುಭವ ಏನೂ ಇಲ್ಲ ಸರ್' ಅನ್ನುತ್ತಾನೆ. ಹಾಗಾಗಿ ತಯಾರಿಯನ್ನು ಅಲ್ಲಿಂದಲೇ ಶುರು ಮಾಡೋಣ.

ಮೊದಲ ಎರಡು ದಿನ: ಮಾಡಿದ್ದನ್ನು ಬರೆಯಿರಿ, ಬಾಯಿಬಿಟ್ಟು ಹೇಳಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನೀವು ನಿಜವಾಗಿ ಮಾಡಿದ ನಾಲ್ಕೈದು ಕೆಲಸಗಳನ್ನು ಒಂದೊಂದು ಪುಟದಲ್ಲಿ ಬರೆಯಿರಿ. ಕಾಲೇಜಿನ ಪ್ರಾಜೆಕ್ಟ್ ಇರಬಹುದು. ಐಟಿಐ ವರ್ಕ್‌ಶಾಪಿನಲ್ಲಿ ಮಾಡಿದ ಜಾಬ್ ಇರಬಹುದು. ಅಮ್ಮನ ಮಹಿಳಾ ಸಂಘದ ಪುಸ್ತಕ ಬರೆದಿದ್ದು, ಹಾಲಿನ ಡೇರಿಯಲ್ಲಿ ಬೆಳಗಿನ ಹೊತ್ತು ಅಳತೆ ಬರೆದಿದ್ದು, ತೋಟಕ್ಕೆ ಡ್ರಿಪ್ ಹಾಕಿಸುವಾಗ ನೀವೇ ನಿಂತು ಪೈಪ್ ಜೋಡಿಸಿದ್ದು, ಊರ ಹಬ್ಬದಲ್ಲಿ ಊಟದ ಉಸ್ತುವಾರಿ ಹೊತ್ತಿದ್ದು, ಎಲ್ಲವೂ ಬರಲಿ.

ಪ್ರತಿ ಪುಟದಲ್ಲಿ ನಾಲ್ಕು ವಿಷಯ ಇರಬೇಕು. ಪರಿಸ್ಥಿತಿ ಹೇಗಿತ್ತು? ಅದರಲ್ಲಿ ನೀವೇ ಮಾಡಿದ್ದೇನು? ಎಲ್ಲಿ ಕಷ್ಟ ಬಂತು? ಕೊನೆಗೆ ಏನಾಯಿತು? ಜೊತೆಗೆ ಒಂದಾದರೂ ಅಂಕಿ ಇರಲಿ.

ಮಂಡಿಯ ಹುಡುಗನ ಉದಾಹರಣೆಯನ್ನೇ ನೋಡಿ. 'ಮಂಡಿಯಲ್ಲಿ ಕೆಲಸ ಮಾಡಿದ್ದೇನೆ' ಅಂದರೆ ಕೇಳುವವರಿಗೆ ಏನೂ ತಿಳಿಯುವುದಿಲ್ಲ. ಅದನ್ನೇ ಹೀಗೆ ಹೇಳಬಹುದು: 'ಒಂದು ಬಾಕ್ಸ್‌ಗೆ 15 ಕಿಲೋ. ರೈತರ ಹೆಸರು, ಬಾಕ್ಸ್ ಎಣಿಕೆ, ಹರಾಜಿನಲ್ಲಿ ಕೂಗಿದ ದರ ಬರೆದುಕೊಳ್ಳುತ್ತಿದ್ದೆ. ಕಮಿಷನ್, ಹಮಾಲಿ, ಗಾಡಿ ಬಾಡಿಗೆ ಕಳೆದು ಮಧ್ಯಾಹ್ನದೊಳಗೆ ಪ್ರತಿ ರೈತರಿಗೂ ಚೀಟಿ ಕೊಡಬೇಕಿತ್ತು. ಒಂದೇ ಹೆಸರಿನ ಇಬ್ಬರು ರೈತರ ಲೆಕ್ಕ ಅದಲು ಬದಲಾಗುತ್ತಿತ್ತು. ಆಮೇಲೆ ಹೆಸರಿನ ಪಕ್ಕ ಊರನ್ನೂ ಬರೆಯಲು ಶುರು ಮಾಡಿದೆ.' ಇದರಲ್ಲಿ ಲೆಕ್ಕಪತ್ರ ಇದೆ, ಗಡುವು ಇದೆ, ತೊಂದರೆಯನ್ನು ಬಿಡಿಸಿದ ಬಗೆ ಇದೆ. ಅಕೌಂಟ್ಸ್ ಕೆಲಸಕ್ಕೆ ಜನ ಹುಡುಕುವವರಿಗೆ ಬೇಕಾದ್ದು ಇದೇ ಅಲ್ವಾ?

ಬರೆದಾದ ಮೇಲೆ ಪುಸ್ತಕ ಮುಚ್ಚಿ, ಜೋರಾಗಿ ಹೇಳಿ. ಮನಸ್ಸಿನಲ್ಲಿ ಓದಿಕೊಂಡರೆ ಸಾಲದು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಒಂದೊಂದು ಘಟನೆ ಒಂದೂವರೆ ನಿಮಿಷದೊಳಗೆ ಮುಗಿಯಬೇಕು. ಪದಗಳು ಪ್ರತಿ ಸಲ ಬೇರೆ ಬೇರೆ ಬಂದರೆ ಒಳ್ಳೆಯದೇ. ಬಾಯಿಪಾಠ ಆಗಿಲ್ಲ ಅನ್ನುವುದಕ್ಕೆ ಅದೇ ಗುರುತು.

'ನಿಮ್ಮ ಬಗ್ಗೆ ಹೇಳಿ' ಅನ್ನುವ ಪ್ರಶ್ನೆಗೂ ಈ ಪುಟಗಳೇ ಆಧಾರ. ಅಪ್ಪನ ಹೆಸರು, ಅಣ್ಣ ತಮ್ಮಂದಿರ ಸಂಖ್ಯೆ, ಹವ್ಯಾಸ ಇವುಗಳಿಂದ ಶುರು ಮಾಡಬೇಡಿ. ಏನು ಓದಿದ್ದೀರಿ, ಯಾವ ಕೆಲಸ ಮಾಡಿ ನೋಡಿದ್ದೀರಿ, ಈ ಕೆಲಸ ಯಾಕೆ ಬೇಕು, ಇಷ್ಟನ್ನೇ ಹೇಳಿ ನಿಲ್ಲಿಸಿ. ನಿಲ್ಲಿಸುವುದನ್ನೂ ಅಭ್ಯಾಸ ಮಾಡಬೇಕು. ಸುಮ್ನೆ ಮಾತು ಎಳೆಯುತ್ತಾ ಹೋದರೆ ಚೆನ್ನಾಗಿ ಹೇಳಿದ್ದೂ ಮಂಕಾಗುತ್ತದೆ.

ಭಾಷೆಯ ಭಯ

ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಕೆಜಿಎಫ್‌ನಲ್ಲಿ ತಮಿಳೂ ಸೇರುತ್ತದೆ. ಇಪ್ಪತ್ತು ವರ್ಷದ ಹೊತ್ತಿಗೆ ಮೂರು ಭಾಷೆ ಆಡುವವರು 'ನನಗೆ ಇಂಗ್ಲಿಷ್ ಬರಲ್ಲ' ಅಂತ ತಲೆ ತಗ್ಗಿಸುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಗ್ರಾಹಕರ ಜೊತೆ ಮಾತಾಡುವ ಕೆಲಸ, ಬ್ಯಾಂಕಿನ ಫೀಲ್ಡ್ ಕೆಲಸ, ಆಸ್ಪತ್ರೆಯ ಕೌಂಟರ್, ಕಾಲ್ ಸೆಂಟರ್ ಇಲ್ಲೆಲ್ಲ ಕನ್ನಡ, ತೆಲುಗು, ತಮಿಳು ಮೂರೂ ಬರುವವರು ಬೇಕು. ರೆಸ್ಯೂಮೆಯಲ್ಲಿ ಅದನ್ನು ಮೇಲ್ಗಡೆಯೇ ಬರೆಯಿರಿ.

ಫ್ಯಾಕ್ಟರಿ ಇಂಟರ್‌ವ್ಯೂಗಳಲ್ಲಿ 'ಕನ್ನಡದಲ್ಲಿ ಉತ್ತರ ಹೇಳಬಹುದಾ ಸರ್?' ಅಂತ ಕೇಳಿ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಇಂಗ್ಲಿಷ್ ಬೇಕೇ ಬೇಕು ಅನ್ನುವ ಕೆಲಸವಾದರೆ ಸಣ್ಣ ಸಣ್ಣ ವಾಕ್ಯ ಕಟ್ಟಿ. ನಿಧಾನವಾಗಿ ಹೇಳಿ. ಪ್ರಶ್ನೆ ಅರ್ಥವಾಗದಿದ್ದರೆ ಊಹೆ ಮಾಡಿ ಉತ್ತರ ಕೊಡಬೇಡಿ. 'ಕುಡ್ ಯೂ ಪ್ಲೀಸ್ ರಿಪೀಟ್ ದ ಕ್ವೆಶ್ಚನ್' ಅನ್ನುವ ಒಂದು ವಾಕ್ಯ ನಾಲಿಗೆ ತುದಿಯಲ್ಲಿ ಇರಲಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಜೊತೆಗೆ ಅದಕ್ಕೆ ಹತ್ತಿರದ್ದು ಗೊತ್ತಿದ್ದರೆ ಅದನ್ನು ಸೇರಿಸಿ: 'ಸಿಎನ್‌ಸಿ ಮೇಲೆ ಕೆಲಸ ಮಾಡಿಲ್ಲ ಸರ್, ಲೇತ್ ಮೇಲೆ ಮಾಡಿದ್ದೇನೆ.'

ಮೂರನೇ ದಿನ: ವಿಷಯ, ಕಂಪನಿ

ಓದಿದ್ದೆಲ್ಲವನ್ನೂ ಮತ್ತೆ ಓದಲು ಹೋಗಬೇಡಿ, ಸಮಯ ಸಾಲದು. ಬುಡದ ಪ್ರಶ್ನೆಗಳನ್ನು ಗಟ್ಟಿ ಮಾಡಿಕೊಳ್ಳಿ. ಫಿಟ್ಟರ್, ಟರ್ನರ್ ಆಗಿದ್ದರೆ ಅಳತೆಯ ಸಾಧನಗಳು ಬಂದೇ ಬರುತ್ತವೆ. ಮೈಕ್ರೋಮೀಟರ್‌ನ ಲೀಸ್ಟ್ ಕೌಂಟ್ (ಅದರಿಂದ ಅಳೆಯಬಹುದಾದ ಅತಿ ಸಣ್ಣ ಅಳತೆ) 0.01 ಮಿ.ಮೀ., ಐಟಿಐನಲ್ಲಿ ಬಳಸುವ ಸಾಮಾನ್ಯ ವರ್ನಿಯರ್ ಕ್ಯಾಲಿಪರ್‌ನದು 0.02 ಮಿ.ಮೀ. ಇದನ್ನು ಹೇಳಿದ ಮೇಲೆ ಕೈಗೇ ವರ್ನಿಯರ್ ಕೊಟ್ಟು ಅಳೆಯಿರಿ ಅನ್ನಬಹುದು. ನಿಮ್ಮ ಐಟಿಐಗೆ ಹೋಗಿ, ಮೇಷ್ಟ್ರನ್ನು ಕೇಳಿ, ಒಂದು ಗಂಟೆ ಅಳತೆ ಮಾಡಿ ಬನ್ನಿ. ಎಲೆಕ್ಟ್ರಿಷಿಯನ್‌ಗೆ ಅರ್ಥಿಂಗ್, ಫ್ಯೂಸ್, ಎಂಸಿಬಿ ತಿಳಿದಿರಲಿ. ಬಿಸಿಎ ಆಗಿದ್ದರೆ ನಿಮ್ಮದೇ ಪ್ರಾಜೆಕ್ಟಿನ ಕೋಡನ್ನು ನೀವು ವಿವರಿಸುವಂತಿರಬೇಕು. ಕೊಂಡು ತಂದ ಪ್ರಾಜೆಕ್ಟ್ ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ.

ಬಿ.ಕಾಂ ಓದಿದವರಿಗೆ ಒಂದು ಮಾತು. ಜಿಎಸ್‌ಟಿ ದರಗಳನ್ನು ಹಳೆಯ ನೋಟ್ಸ್ ನೋಡಿ ಹೇಳಬೇಡಿ. 2017ರ ಜುಲೈ 1ರಂದು ಜಿಎಸ್‌ಟಿ ಶುರುವಾದಾಗಿನ 5, 12, 18, 28ರ ಪಟ್ಟಿ 2025ರ ಸೆಪ್ಟೆಂಬರ್ 22ರಿಂದ ಬದಲಾಗಿದೆ. ಈಗ ಮುಖ್ಯವಾಗಿ 5 ಮತ್ತು 18, ಐಷಾರಾಮಿ ವಸ್ತುಗಳಂಥ ಕೆಲವಕ್ಕೆ 40. ಪಠ್ಯಪುಸ್ತಕದ ಉತ್ತರ ಹೇಳಿದವರಿಗೂ ಪೇಪರ್ ಓದುವವರಿಗೂ ವ್ಯತ್ಯಾಸ ಕಾಣುವುದು ಇಂಥ ಕಡೆಯೇ.

ಕಂಪನಿ ಏನು ಮಾಡುತ್ತದೆ ಅನ್ನುವುದು ಗೊತ್ತಿರಲೇಬೇಕು. ನರಸಾಪುರದ ಹೋಂಡಾ ಘಟಕ 2013ರಿಂದ ದ್ವಿಚಕ್ರ ವಾಹನ ತಯಾರಿಸುತ್ತಿದೆ. ಅದೇ ಪ್ರದೇಶದಲ್ಲಿ ಮೊದಲು ವಿಸ್ಟ್ರಾನ್ ಕೈಯಲ್ಲಿದ್ದ ಐಫೋನ್ ಜೋಡಣೆಯ ಘಟಕ ಈಗ ಟಾಟಾ ಎಲೆಕ್ಟ್ರಾನಿಕ್ಸ್‌ನದು. ಕೆಜಿಎಫ್‌ನ ಬೆಮೆಲ್ ಮಣ್ಣು ಅಗೆಯುವ ಭಾರೀ ಯಂತ್ರಗಳನ್ನು ಮಾಡುತ್ತದೆ. ವೇಮಗಲ್, ಮಾಲೂರಿನ ಸಣ್ಣ ಘಟಕಗಳ ಬಗ್ಗೆ ಗೂಗಲ್‌ನಲ್ಲಿ ಜಾಸ್ತಿ ಸಿಗದಿರಬಹುದು. ಅಲ್ಲಿ ಕೆಲಸಕ್ಕೆ ಹೋಗುವ ಯಾರನ್ನಾದರೂ ಕೇಳಿ: ಏನು ತಯಾರಾಗುತ್ತದೆ, ಎಷ್ಟು ಶಿಫ್ಟ್, ಕಂಪನಿ ಬಸ್ ಎಲ್ಲಿಂದ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಇಂಥ ಒಬ್ಬರು ಪ್ರತಿ ಊರಲ್ಲೂ ಸಿಗುತ್ತಾರೆ.

ರೆಸ್ಯೂಮೆ ಒಂದೇ ಪುಟ ಸಾಕು. ಬರೆದ ಪ್ರತಿ ಪದದ ಮೇಲೂ ಪ್ರಶ್ನೆ ಬರಬಹುದು. ಎಕ್ಸೆಲ್ ಅಂತ ಬರೆದರೆ ಪಿವೋಟ್ ಟೇಬಲ್, ವಿ-ಲುಕಪ್ ಕೇಳುತ್ತಾರೆ. ಬಾರದಿದ್ದರೆ ಕಲಿಯಿರಿ, ಇಲ್ಲವೇ ಆ ಪದ ತೆಗೆಯಿರಿ.

ದಾಖಲೆ: ಹೆಸರನ್ನು ಹೋಲಿಸಿ ನೋಡಿ

ಎಸ್‌ಎಸ್‌ಎಲ್‌ಸಿ, ಪಿಯುಸಿ, ಡಿಗ್ರಿ ಅಥವಾ ಐಟಿಐ ಅಂಕಪಟ್ಟಿ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ನಾಲ್ಕು ಫೋಟೊ. ಇಷ್ಟನ್ನು ಒಂದು ಫೈಲಿಗೆ ಹಾಕಿ. ಜೆರಾಕ್ಸ್ ಎರಡೆರಡು ಸೆಟ್ ಇರಲಿ. ಆಮೇಲೆ ಎಲ್ಲವನ್ನೂ ಪಕ್ಕ ಪಕ್ಕ ಇಟ್ಟು ಹೆಸರು, ಹುಟ್ಟಿದ ದಿನ ಒಂದೇ ಆಗಿದೆಯಾ ನೋಡಿ. ನಮ್ಮಲ್ಲಿ ಇನಿಷಿಯಲ್ ತೊಂದರೆ ತುಂಬಾ. ಅಂಕಪಟ್ಟಿಯಲ್ಲಿ 'ಎನ್. ಮಂಜುಳ', ಆಧಾರ್‌ನಲ್ಲಿ 'ಮಂಜುಳ ನಾರಾಯಣಪ್ಪ', ಪ್ಯಾನ್‌ನಲ್ಲಿ ಇನ್ನೊಂದು. ಕೆಲಸ ಸಿಕ್ಕಿದ ಮೇಲೆ ಪಿಎಫ್ ಖಾತೆ ತೆರೆಯುವಾಗ ಇದು ಕಾಡುತ್ತದೆ. ವ್ಯತ್ಯಾಸ ಇದ್ದರೆ ಆಧಾರ್ ಕೇಂದ್ರಕ್ಕೆ ಈಗಲೇ ಹೋಗಿ.

ಡಿಜಿಲಾಕರ್‌ನಲ್ಲಿ ನಿಮ್ಮ ಅಂಕಪಟ್ಟಿ ಸಿಗುತ್ತದಾ ನೋಡಿ, ಸಿಕ್ಕರೆ ಇಳಿಸಿಕೊಳ್ಳಿ. ಕೊನೆಯ ಸೆಮಿಸ್ಟರ್ ಅಂಕಪಟ್ಟಿ ಕೈಗೆ ಬಂದಿಲ್ಲವಾದರೆ ಆನ್‌ಲೈನ್ ಫಲಿತಾಂಶದ ಪ್ರಿಂಟ್ ಮೇಲೆ ಪ್ರಿನ್ಸಿಪಾಲರ ಸಹಿ, ಸೀಲ್ ಹಾಕಿಸಿ. ಮೂಲ ದಾಖಲೆಗಳನ್ನು ತೋರಿಸಿ, ವಾಪಸ್ ತನ್ನಿ. 'ನಮ್ಮ ಹತ್ತಿರ ಇರಲಿ' ಅಂತ ಯಾರೇ ಅಂದರೂ ಬಿಟ್ಟು ಬರಬೇಡಿ.

ಆನ್‌ಲೈನ್ ಇಂಟರ್‌ವ್ಯೂ: ಜಾಗ, ಕರೆಂಟು, ನೆಟ್ಟು

ಹಳ್ಳಿಯಲ್ಲಿ ಇರುವವರಿಗೆ ಅರ್ಧ ಗೆಲುವು ಇದರಲ್ಲೇ ಇದೆ. ಗೊತ್ತಿದ್ದ ಉತ್ತರವೂ ನೆಟ್ ಕೈಕೊಟ್ಟು ತಲುಪದೆ ಹೋದರೆ ಏನು ಬಂತು?

ಎರಡು ದಿನ ಮೊದಲೇ, ಇಂಟರ್‌ವ್ಯೂ ಇರುವ ಹೊತ್ತಿನಲ್ಲೇ, ಸ್ನೇಹಿತರೊಬ್ಬರಿಗೆ ವಿಡಿಯೊ ಕಾಲ್ ಮಾಡಿ. ಬೆಳಗ್ಗೆ ಹತ್ತಕ್ಕೆ ಚೆನ್ನಾಗಿರುವ ನೆಟ್ ಸಂಜೆ ಏಳಕ್ಕೆ ಹಾಗೆ ಇರುವುದಿಲ್ಲ. ಮಹಡಿ, ಜಗುಲಿ, ಹಿಂದಿನ ಕೋಣೆ ಎಲ್ಲ ಕಡೆ ನೋಡಿ. ಎಲ್ಲೂ ಸರಿ ಬರಲಿಲ್ಲವಾದರೆ ಕೋಲಾರ ಅಥವಾ ಬಂಗಾರಪೇಟೆಯಲ್ಲಿ ರೂಮ್ ಮಾಡಿಕೊಂಡಿರುವ ಸ್ನೇಹಿತರ ಹತ್ತಿರ ಎರಡು ಗಂಟೆ ಜಾಗ ಕೇಳಿ. ಓದಿದ ಕಾಲೇಜಿನಲ್ಲೂ ಕೇಳಿ ನೋಡಿ. ಸಂಕೋಚ ಬೇಡ.

ಕರೆಂಟಿನ ವಿಷಯ. ದುರಸ್ತಿಗಾಗಿ ವಿದ್ಯುತ್ ನಿಲ್ಲಿಸುವ ದಿನ, ಸಮಯವನ್ನು ಬೆಸ್ಕಾಂ ಪತ್ರಿಕೆಗಳಲ್ಲಿ ಮೊದಲೇ ಹೇಳುತ್ತದೆ. ಅದನ್ನು ಗಮನಿಸಿ. ಅನುಮಾನ ಇದ್ದರೆ 1912ಕ್ಕೆ ಫೋನ್ ಮಾಡಿ ಕೇಳಬಹುದು. ವೈಫೈ ಇದ್ದರೂ ಫೋನಿನಲ್ಲಿ ಡೇಟಾ ಇಟ್ಟುಕೊಳ್ಳಿ, ಯಾಕೆಂದರೆ ಕರೆಂಟು ಹೋದರೆ ರೂಟರ್ ಕೂಡ ಹೋಗುತ್ತದೆ. ದಿನದ ಡೇಟಾವನ್ನು ಬೆಳಗ್ಗೆಯೇ ರೀಲ್ಸ್‌ನಲ್ಲಿ ಮುಗಿಸಬೇಡಿ.

ಎರಡು ಸಿಮ್ ಇರುವ ಫೋನ್ ಬಗ್ಗೆ ಹೇಳಲೇಬೇಕು. ಹಲವು ಫೋನ್‌ಗಳಲ್ಲಿ ಒಂದು ಸಿಮ್‌ಗೆ ಕರೆ ಬಂದು ಎತ್ತಿದರೆ ಇನ್ನೊಂದು ಸಿಮ್‌ನ ಡೇಟಾ ನಿಂತುಹೋಗುತ್ತದೆ. ಇಂಟರ್‌ವ್ಯೂ ಹೊತ್ತಿಗೆ ಡೇಟಾ ಇಲ್ಲದ ಸಿಮ್ ಆಫ್ ಮಾಡಿ. ಡೇಟಾ ಸಿಮ್‌ಗೇ ಕರೆ ಬಂದರೂ ಮೀಟಿಂಗಿನ ಧ್ವನಿ ಕಡಿದುಹೋಗಬಹುದು. ಅದಕ್ಕೆ ಡಿಸ್ಟರ್ಬ್ ಮಾಡಬೇಡಿ ಅನ್ನುವ ಸೆಟ್ಟಿಂಗ್ ಹಾಕಿ, 'ಈ ಒಂದು ಗಂಟೆ ಫೋನ್ ಮಾಡಬೇಡಿ' ಅಂತ ಮನೆಯವರಿಗೂ ನೆಂಟರಿಗೂ ಹೇಳಿಬಿಡಿ.

ಫೋನನ್ನು ಕೈಯಲ್ಲಿ ಹಿಡಿಯಬೇಡಿ. ಪುಸ್ತಕ ಜೋಡಿಸಿ ಕಣ್ಣಿನ ಎತ್ತರಕ್ಕೆ ಒರಗಿಸಿ ನಿಲ್ಲಿಸಿ. ಕಿಟಕಿ ನಿಮ್ಮ ಮುಂದೆ ಇರಬೇಕು. ಬೆನ್ನ ಹಿಂದೆ ಇದ್ದರೆ ಮುಖ ಕಪ್ಪಾಗಿ ಕಾಣುತ್ತದೆ. ವೈರ್ ಇರುವ ಇಯರ್‌ಫೋನ್ ಮೇಲೆ ನನಗೆ ಜಾಸ್ತಿ ನಂಬಿಕೆ, ಅದಕ್ಕೆ ಚಾರ್ಜ್ ಮುಗಿಯುವ ಭಯ ಇಲ್ಲ. ಹಿಂದೆ ಸಾದಾ ಗೋಡೆ ಸಾಕು. ಗೋಡೆಗೆ ಸುಣ್ಣ ಕಿತ್ತಿದ್ದರೂ ಚಿಂತೆ ಇಲ್ಲ, ಯಾರೂ ಅದಕ್ಕೆ ಅಂಕ ಕಳೆಯುವುದಿಲ್ಲ. ಹಿಂದೆ ಜನ ಓಡಾಡಬಾರದು, ಅಷ್ಟೇ.

ಜೂಮ್, ಗೂಗಲ್ ಮೀಟ್, ಟೀಮ್ಸ್ ಯಾವುದರಲ್ಲಿ ಅಂತ ಮೇಲ್‌ನಲ್ಲಿ ಇರುತ್ತದೆ. ಆ ಆ್ಯಪನ್ನು ಹಿಂದಿನ ದಿನವೇ ಹಾಕಿ, ತೆರೆದು ನೋಡಿ. ಫೋನಿನ ಮಾಡೆಲ್ ಹೆಸರೋ ತಮ್ಮನ ಹೆಸರೋ ಪರದೆ ಮೇಲೆ ಕಾಣುತ್ತಿದ್ದರೆ ಬದಲಾಯಿಸಿ. ಹತ್ತು ನಿಮಿಷ ಮೊದಲೇ ಲಿಂಕ್ ತೆರೆಯಿರಿ. ಎಚ್‌ಆರ್ ಅವರ ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದು ಎದುರಿಗೆ ಇಟ್ಟುಕೊಳ್ಳಿ. ನೆಟ್ ಹೋದರೆ ಗಾಬರಿ ಬೇಡ. ಒಂದು ನಿಮಿಷ ಮತ್ತೆ ಪ್ರಯತ್ನಿಸಿ. ಆಗಲಿಲ್ಲವಾದರೆ ಫೋನ್ ಮಾಡಿ ಹೇಳಿ: 'ಸಂಪರ್ಕ ಕಡಿಯಿತು ಮೇಡಂ, ಇದೇ ನಂಬರಿನಲ್ಲಿ ಮುಂದುವರಿಸಬಹುದಾ?' ಸುಮ್ಮನೆ ಕೂತರೆ ನೀವೇ ಬಿಟ್ಟು ಹೋದಿರಿ ಅಂದುಕೊಳ್ಳುತ್ತಾರೆ.

ಎಐ ಉತ್ತರವನ್ನು ಪಕ್ಕದಲ್ಲಿ ತೆರೆದಿಟ್ಟು ಓದುವ ಅಭ್ಯಾಸ ಈಗ ಬಂದಿದೆ. ದಯವಿಟ್ಟು ಬೇಡ. ಕಣ್ಣು ಸಾಲಿನಿಂದ ಸಾಲಿಗೆ ಓಡುವುದು ಎದುರಿಗಿನವರಿಗೆ ಸ್ಪಷ್ಟವಾಗಿ ಕಾಣುತ್ತದೆ. ತಯಾರಿಯ ದಿನಗಳಲ್ಲಿ ಅದರಿಂದ ಪ್ರಶ್ನೆ ಕೇಳಿಸಿಕೊಂಡು ಅಭ್ಯಾಸ ಮಾಡಿ, ಅದು ಒಳ್ಳೆಯ ಉಪಯೋಗ.

ಕೆಲವು ಕಂಪನಿಗಳು ಎದುರಿಗೆ ಯಾರೂ ಇಲ್ಲದೆ, ಪ್ರಶ್ನೆ ತೋರಿಸಿ ಉತ್ತರ ರೆಕಾರ್ಡ್ ಮಾಡಿಸಿಕೊಳ್ಳುತ್ತವೆ. ಇದು ಎಂಥವರಿಗೂ ಮುಜುಗರ. ಕ್ಯಾಮೆರಾದ ಪಕ್ಕದಲ್ಲಿ ಸ್ನೇಹಿತರ ಫೋಟೊ ಒಂದು ಅಂಟಿಸಿ, ಅವರಿಗೆ ಹೇಳುತ್ತಿದ್ದೇನೆ ಅಂದುಕೊಂಡು ಮಾತಾಡಿ.

ನೇರ ಇಂಟರ್‌ವ್ಯೂ: ಹೊರಡುವ ಲೆಕ್ಕ

ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್ ಅಷ್ಟೇ ಅನ್ನಿಸುತ್ತದೆ. ಆದರೆ ಹೊಸಕೋಟೆ ದಾಟಿದ ಮೇಲೆ, ಕೆ.ಆರ್. ಪುರ, ಟಿನ್ ಫ್ಯಾಕ್ಟರಿ ಹತ್ತಿರ ಬೆಳಗಿನ ಹೊತ್ತು ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಯಾರೂ ಹೇಳಲಾಗದು. ಊರೊಳಗೆ ಹೋಗಬೇಕಾದರೆ ಕೆ.ಆರ್. ಪುರದಲ್ಲೋ ಟಿನ್ ಫ್ಯಾಕ್ಟರಿ ಪಕ್ಕದ ಬೆನ್ನಿಗಾನಹಳ್ಳಿಯಲ್ಲೋ ಇಳಿದು ನೇರಳೆ ಮಾರ್ಗದ ಮೆಟ್ರೊ ಹತ್ತಿ. ಬಂಗಾರಪೇಟೆ, ಮಾಲೂರು ಕಡೆಯವರಿಗೆ ರೈಲು ವಾಸಿ. ವೈಟ್‌ಫೀಲ್ಡ್ ಸ್ಟೇಷನ್ನಿನಲ್ಲಿ ಇಳಿದರೆ ಪಕ್ಕದಲ್ಲೇ ಕಾಡುಗೋಡಿ ಮೆಟ್ರೊ. ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗ ಇದೆ. ಆದರೆ ಮೆಜೆಸ್ಟಿಕ್‌ನಲ್ಲಿ ಒಂದು, ಆರ್.ವಿ. ರಸ್ತೆಯಲ್ಲಿ ಇನ್ನೊಂದು ಅಂತ ಎರಡು ಕಡೆ ಬದಲಿಸಬೇಕು, ಆ ಸಮಯವನ್ನೂ ಸೇರಿಸಿಕೊಳ್ಳಿ. ಒಂದು ಗಂಟೆ ಮೊದಲೇ ಆ ಪ್ರದೇಶ ತಲುಪಿ, ಟೀ ಕುಡಿದು, ಹದಿನೈದು ನಿಮಿಷ ಮೊದಲು ಒಳಗೆ ಹೋಗಿ.

ನರಸಾಪುರಕ್ಕೆ ಹೋಗುವವರು ಗಮನಿಸಿ, ಬಸ್ಸು ನಿಮ್ಮನ್ನು ಹೈವೇಯಲ್ಲಿ ಇಳಿಸುತ್ತದೆ. ಫ್ಯಾಕ್ಟರಿ ಗೇಟು ಒಳಗೆ ದೂರ. ಯಾವ ಗೇಟು ಅಂತ ಮೊದಲೇ ಫೋನ್ ಮಾಡಿ ಕೇಳಿ. ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ ಪಾಸ್ ಮಾಡಿಸಬೇಕು, ಫೋನ್ ಕ್ಯಾಮೆರಾಗೆ ಸ್ಟಿಕ್ಕರ್ ಹಾಕಬಹುದು, ಫೋನನ್ನೇ ಇರಿಸಿಕೊಳ್ಳಲೂಬಹುದು. ಎಲ್ಲ ದಾಖಲೆ ಫೋನಿನಲ್ಲೇ ಇದೆ ಅಂತ ನಂಬಿ ಹೋದರೆ ಕಷ್ಟ. ಯಂತ್ರಗಳ ಹತ್ತಿರ ಕರೆದೊಯ್ಯಬಹುದು, ಅದಕ್ಕೆ ಚಪ್ಪಲಿ ಬೇಡ, ಶೂ ಹಾಕಿ. ಬಟ್ಟೆ ಹೊಸದಾಗಿರಬೇಕಿಲ್ಲ. ಒಗೆದು ಇಸ್ತ್ರಿ ಮಾಡಿದ್ದು ಸಾಕು.

ಸೆಕ್ಯೂರಿಟಿಯವರಿಂದ ಹಿಡಿದು ಎಲ್ಲರಿಗೂ ನಮಸ್ಕಾರ ಹೇಳಿ. ಒಳಗೆ ಕಾಯುವಾಗ ಪಕ್ಕದವರ ಜೊತೆ ಹಿಂದಿನ ಕೆಲಸದ ದೂರು ಹೇಳಬೇಡಿ. ಬೆಳಗ್ಗೆ ಹೋದವರು ಸಂಜೆವರೆಗೂ ಕಾಯಬೇಕಾಗಬಹುದು. ಬಾಟಲಿಯಲ್ಲಿ ನೀರು, ಬ್ಯಾಗಿನಲ್ಲಿ ಚಪಾತಿಯೋ ಚಿತ್ರಾನ್ನವೋ ಇರಲಿ. ಹಸಿದ ಹೊಟ್ಟೆಯಲ್ಲಿ ಮಾತು ಹೊರಡುವುದಿಲ್ಲ.

'ನಿಮ್ಮದೇನಾದರೂ ಪ್ರಶ್ನೆ ಇದೆಯಾ?' ಅಂದಾಗ

ಇಲ್ಲ ಅನ್ನಬೇಡಿ. ಕೇಳಬೇಕಾದ್ದು ಇವು: ನೇಮಕ ಕಂಪನಿಯ ಹೆಸರಿನಲ್ಲಾ, ಗುತ್ತಿಗೆದಾರರ ಹೆಸರಿನಲ್ಲಾ? ಶಿಫ್ಟ್ ಹೇಗೆ? ರಾತ್ರಿ ಪಾಳಿಗೆ ಬಸ್ ಇದೆಯಾ? ತರಬೇತಿಯ ಅವಧಿ ಎಷ್ಟು? ಕೈಗೆ ಬರುವ ಸಂಬಳ ಎಷ್ಟು?

ಕೊನೆಯ ಪ್ರಶ್ನೆ ಮುಖ್ಯ. ಸಿಟಿಸಿ ಅಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. 'ತಿಂಗಳಿಗೆ 20 ಸಾವಿರ ಸಿಟಿಸಿ' ಅಂದರೆ 20 ಸಾವಿರ ಕೈಗೆ ಬರುವುದಿಲ್ಲ. ಒಂದು ಲೆಕ್ಕ ನೋಡಿ. ಒಟ್ಟು ಸಂಬಳ 18,000, ಅದರಲ್ಲಿ ಮೂಲ ವೇತನ 12,000 ಅಂತ ಇಟ್ಟುಕೊಳ್ಳಿ. ಕಂಪನಿಯ ಪಾಲಿನ ಪಿಎಫ್ ಮೂಲ ವೇತನದ ಶೇ. 12ರಂತೆ 1,440, ಇಎಸ್‌ಐ (ನೌಕರರ ಆರೋಗ್ಯ ವಿಮೆ) ಒಟ್ಟು ಸಂಬಳದ ಶೇ. 3.25ರಂತೆ 585. ಇವನ್ನು ಸೇರಿಸಿಯೇ 20 ಸಾವಿರ ಚಿಲ್ಲರೆ ಸಿಟಿಸಿ ಆಗುವುದು. ನಿಮ್ಮ ಪಾಲಿನ ಪಿಎಫ್ 1,440, ಇಎಸ್‌ಐ ಶೇ. 0.75ರಂತೆ 135 ಕಳೆದರೆ ಕೈಗೆ 16,425. ಬಸ್ಸು, ಕ್ಯಾಂಟೀನ್ ಇದ್ದರೆ ಅದೂ ಕಳೆಯುತ್ತದೆ. ಹಾಗಂತ ಪಿಎಫ್, ಇಎಸ್‌ಐ ಇಲ್ಲದ ಕೆಲಸ ಮೇಲು ಅಲ್ಲ. ಮನೆಯವರಿಗೂ ಚಿಕಿತ್ಸೆ ಸಿಗುವುದು ಇಎಸ್‌ಐಯಿಂದಲೇ. ಆದರೆ ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕಟ್ಟಿ ಉಳಿಯುವುದೆಷ್ಟು, ಊರಿನಿಂದ ಓಡಾಡಿ ಉಳಿಯುವುದೆಷ್ಟು ಅಂತ ತೂಗುವಾಗ ಈ ಅಂಕಿಯೇ ಬೇಕು. ನನ್ನ ಅಭಿಪ್ರಾಯದಲ್ಲಿ ಎಷ್ಟೋ ಜನ ಎರಡನೇ ತಿಂಗಳಲ್ಲೇ ಕೆಲಸ ಬಿಡುವುದಕ್ಕೆ ಕಾರಣ ಈ ಲೆಕ್ಕವನ್ನು ಮೊದಲೇ ಮಾಡದಿರುವುದು.

ದುಡ್ಡು ಕೇಳಿದರೆ ಅದು ಕೆಲಸ ಅಲ್ಲ

ನೋಂದಣಿ ಶುಲ್ಕ, ಸಮವಸ್ತ್ರದ ಹಣ, ಲ್ಯಾಪ್‌ಟಾಪ್ ಡೆಪಾಸಿಟ್ ಅಂತ ಯಾವ ಹೆಸರಿನಲ್ಲಿ ಕೇಳಿದರೂ ಕೊಡಬೇಡಿ. ವಾಟ್ಸ್ಆ್ಯಪ್‌ನಲ್ಲಿ ದೊಡ್ಡ ಕಂಪನಿಯ ಲೋಗೊ ಹಾಕಿ ನೇಮಕ ಪತ್ರ ಕಳಿಸುವುದು ಸುಲಭ. ಮೇಲ್ ಬಂದ ವಿಳಾಸ ಕಂಪನಿಯ ವೆಬ್‌ಸೈಟಿನ ಹೆಸರಿಗೆ ಹೊಂದುತ್ತದಾ ನೋಡಿ. ವೆಬ್‌ಸೈಟಿನಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ ವಿಚಾರಿಸಿ. ಒಟಿಪಿ ಯಾರಿಗೂ ಹೇಳಬೇಡಿ. ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೆ ಪಟ್ಟು ಸುಮ್ಮನಾಗಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಇಂಟರ್‌ವ್ಯೂ ಲಾಡ್ಜ್ ರೂಮಿನಲ್ಲಿ, ಯಾರದೋ ಮನೆಯಲ್ಲಿ, ಸಂಜೆ ಕತ್ತಲಾದ ಮೇಲೆ ಅಂದರೆ ಹೋಗಬೇಡಿ. ಕಚೇರಿಯಲ್ಲಿ, ಹಗಲು ಹೊತ್ತು ಇಡಿ ಅಂತ ಕೇಳಿ. ಒಳ್ಳೆಯ ಸಂಸ್ಥೆ ಒಪ್ಪುತ್ತದೆ. ಮನೆಯವರನ್ನೋ ಸ್ನೇಹಿತೆಯನ್ನೋ ಜೊತೆಗೆ ಕರೆದುಕೊಂಡು ಹೋಗುವುದರಲ್ಲಿ ಯಾವ ಅವಮಾನವೂ ಇಲ್ಲ.

ಮುಗಿದ ಮೇಲೆ

ವಾಪಸ್ ಬರುವ ಬಸ್ಸಿನಲ್ಲೇ, ಕೇಳಿದ ಪ್ರಶ್ನೆಗಳನ್ನೆಲ್ಲ ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ರಾತ್ರಿ ಮಲಗಿ ಎದ್ದರೆ ಅರ್ಧ ಮರೆತಿರುತ್ತದೆ. ತಡವರಿಸಿದ ಪ್ರಶ್ನೆಗೆ ಗುರುತು ಹಾಕಿ, ಉತ್ತರ ಹುಡುಕಿ, ಮತ್ತೆ ಜೋರಾಗಿ ಹೇಳಿ ನೋಡಿ. ಮುಂದಿನ ಕಂಪನಿಯಲ್ಲೂ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು ಬರುತ್ತವೆ.

ಮರುದಿನ ಎರಡು ಸಾಲಿನ ಧನ್ಯವಾದದ ಮೇಲ್ ಕಳಿಸಿ. ಅವರು ಹೇಳಿದ ದಿನ ದಾಟಿದರೆ ಒಂದು ಸಲ ಫೋನ್ ಮಾಡಿ ಕೇಳಿ, ಪದೇ ಪದೇ ಬೇಡ. ನೇಮಕ ಪತ್ರ ಬಂದರೆ ಸಹಿ ಹಾಕುವ ಮೊದಲು ಬಾಂಡ್ ಇದೆಯಾ, ಎಷ್ಟು ವರ್ಷದ್ದು, ನಡುವೆ ಬಿಟ್ಟರೆ ಏನು ಕಟ್ಟಬೇಕು ಅಂತ ಓದಿ. ಅರ್ಥವಾಗದ ಸಾಲನ್ನು ಕಾಲೇಜಿನ ಮೇಷ್ಟ್ರಿಗೆ ತೋರಿಸಿ. ಸಹಿ ಹಾಕಿದ ಪತ್ರದ ಒಂದು ಪ್ರತಿ ನಿಮ್ಮ ಫೈಲಿಗೂ ಸೇರಬೇಕು.